ಪ್ರಶ್ನೆ ಇಡಿಸಿದ ಮನೆಯಲ್ಲಿ ಕೇಳದೆ ಉಳಿದದ್ದು

ನಮ್ಮ ಕಾಸರಗೋಡಿನ ಕಡೆ ಮನೆಗೆ ಒಂದರ ಮೇಲೊಂದು ಕಷ್ಟ ಬಂದರೆ ಹಿರಿಯರು ಹೇಳುವುದು ಒಂದೇ ಮಾತು: ‘ಒಮ್ಮೆ ಪ್ರಶ್ನೆ ಇಡಿಸಿ ನೋಡುವ.’ ದೈವಜ್ಞರು ಬರುತ್ತಾರೆ. ನೆಲದ ಮೇಲೆ ರಾಶಿಚಕ್ರ ಮೂಡುತ್ತದೆ. ದೀಪ, ಕನ್ನಡಿ, ಗ್ರಂಥ, ಬಿಳಿ ವಸ್ತ್ರ ಮೊದಲಾದ ಎಂಟು ಮಂಗಲದ್ರವ್ಯಗಳನ್ನು ಇಟ್ಟು, ಏನೂ ಅರಿಯದ ಮಗುವೊಂದರ ಕೈಯಿಂದ ಚಿನ್ನವನ್ನು ಯಾವುದೋ ಒಂದು ರಾಶಿಯಲ್ಲಿ ಇರಿಸುತ್ತಾರೆ. 17ನೇ ಶತಮಾನದಲ್ಲಿ ತಲಶ್ಶೇರಿ ಕಡೆಯ ನಂಬೂದಿರಿಯೊಬ್ಬರು ಬರೆದ ‘ಪ್ರಶ್ನಮಾರ್ಗ’ ಈ ವಿದ್ಯೆಗೆ ಆಧಾರ. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಗ್ರಹಗತಿಯಲ್ಲ. ಕೇಳಲು ಬಂದವನು ಯಾವ ದಿಕ್ಕಿನಲ್ಲಿ ನಿಂತ, ಯಾವ ಅಂಗ ಮುಟ್ಟಿಕೊಂಡ, ಮೊದಲು ಯಾವ ಅಕ್ಷರ ನುಡಿದ ಎಂಬುದನ್ನೆಲ್ಲ ಗಮನಿಸಬೇಕು ಎನ್ನುತ್ತದೆ ಆ ಗ್ರಂಥ. ಕೇಳುವವನನ್ನು ಬಿಟ್ಟು ಉತ್ತರವಿಲ್ಲ.

ಆದರೆ ನಾವು ಕೇಳುವುದು ಏನು? ‘ಸ್ತ್ರೀಶಾಪ ಕಾಣುತ್ತದೆ’ ಎಂದರೆ ಸಾಕು, ‘ಪರಿಹಾರ ಏನು?’ ಎಂದು ಮನೆಯವರು ಮುಂದಕ್ಕೆ ಬಾಗುತ್ತಾರೆ. ಯಾವ ಹೋಮ, ಎಷ್ಟು ಖರ್ಚು, ಯಾವ ತಿಂಗಳು ಎಂಬಲ್ಲಿಗೆ ಮಾತು ಹೋಗುತ್ತದೆ. ಆ ಹೆಂಗಸು ಯಾರು? ಅವಳಿಗೆ ಈ ಮನೆಯಲ್ಲಿ ಏನು ಮಾಡಿದರು? ಪಾಲು ಕೊಡದೆ ಹೊರಹಾಕಿದ ವಿಧವೆಯೋ, ಬಾಯಿ ಬಿಡದಂತೆ ಮಾಡಿದ ಕೆಲಸದವಳೋ? ಅವಳ ಸಂತತಿ ಈಗ ಎಲ್ಲಿದೆ? ಇದನ್ನು ಕೇಳಿದರೆ ಪ್ರಾಯಶ್ಚಿತ್ತ ಹೋಮಕುಂಡದಲ್ಲಿ ಮುಗಿಯುವುದಿಲ್ಲ, ಜಾಗದ ಪಟ್ಟೆಯವರೆಗೂ ಹೋಗಬೇಕಾಗುತ್ತದೆ. ಅದಕ್ಕೇ ನಾವು ಕೇಳುವುದಿಲ್ಲ. ದೇವರು ಬಾಗಿಲು ತೆರೆದೇ ಇಟ್ಟಿದ್ದರೂ ನಮ್ಮ ಪ್ರಶ್ನೆ ಅದನ್ನು ಎಳೆದು ಮುಚ್ಚುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ನಡೆದದ್ದು ಇದೇ ಕಾಸರಗೋಡಿನ ಎಣ್ಮಕಜೆಯಲ್ಲಿ. ಅಲ್ಲಿನ ಪಡ್ರೆ, ಸ್ವರ್ಗ, ವಾಣಿನಗರಗಳ ಗುಡ್ಡದ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಮಕ್ಕಳು ತಲೆ ಊದಿಕೊಂಡು, ಕೈಕಾಲು ಬತ್ತಿ ಹುಟ್ಟತೊಡಗಿದಾಗ ತಾಯಂದಿರು ಕೇಳಿದ್ದು ‘ನಾವೇನು ತಪ್ಪು ಮಾಡಿದೆವು?’ ಎಂದು. ಜಟಾಧಾರಿ ದೈವ ಮುನಿದಿದೆ ಎಂದುಕೊಂಡವರಿದ್ದರು. ನಾಗನಿಗೆ, ದೈವಕ್ಕೆ ಹರಕೆ ಹೊತ್ತವರಿದ್ದರು. ಅವರನ್ನು ಮೂಢರೆನ್ನಲು ನನ್ನ ನಾಲಿಗೆ ಏಳುವುದಿಲ್ಲ. ಸಂಕಟ ಹೇಳಿಕೊಳ್ಳಲು ಅವರಿಗಿದ್ದ ಕಿವಿ ಅದೊಂದೇ. ಆದರೆ ಏನೂ ಮಾಡದವರು ತಮ್ಮ ತಪ್ಪನ್ನು ಹುಡುಕುತ್ತಿದ್ದರು. ಮಾಡದ ಕ್ರೌರ್ಯದ ಅಪವಾದವನ್ನು ದೈವ ಹೊತ್ತಿತ್ತು. ಪಡ್ರೆಯ ಪತ್ರಕರ್ತ ಶ್ರೀಪಡ್ರೆ ಸೊಟ್ಟಕಾಲಿನ ಕರುಗಳನ್ನು ಕಂಡು, ವಾಣಿನಗರದ ವೈದ್ಯ ವೈ. ಎಸ್. ಮೋಹನ್ ಕುಮಾರ್ ರೋಗಿಗಳನ್ನು ಕಂಡು ಬೇರೆ ಪ್ರಶ್ನೆ ಎತ್ತಿದರು: ಇಷ್ಟು ಕಾಯಿಲೆ ಇಲ್ಲಿಯೇ ಯಾಕೆ? ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆದದ್ದು 2011ರಲ್ಲಿ. ‘ಇಲ್ಲಿಯೇ ಯಾಕೆ?’ ಎಂಬ ಆ ಪ್ರಶ್ನೆ ತಾಯಂದಿರ ಮೇಲಿನ ಪಾಪದ ಹೊರೆಯನ್ನೂ ದೈವದ ಮೇಲಿನ ಕಳಂಕವನ್ನೂ ಒಟ್ಟಿಗೇ ಇಳಿಸಿತು. ಅದನ್ನು ನಾಸ್ತಿಕತೆ ಎನ್ನಲು ನನಗೆ ಸಾಧ್ಯವೇ ಇಲ್ಲ.

ದೇವರ ಮುಂದೆ ಎದುರು ಪ್ರಶ್ನೆ ಹಾಕಿದರೆ ಭಕ್ತಿ ಕೆಡುತ್ತದೆ ಎಂಬ ಅಂಜಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಇದೇ ಮಣ್ಣಿನ ಕಾವುಮಠದ ತ್ರಿವಿಕ್ರಮ ಪಂಡಿತರು ಅಂಜಲಿಲ್ಲ. ಕುಂಬಳೆಯ ಅರಸ ಜಯಸಿಂಹನ ನಾಡಿನಲ್ಲಿ ಅವರು ಮಧ್ವಾಚಾರ್ಯರೊಡನೆ ಹದಿನೈದು ದಿನ ವಾದಿಸಿದರು. ಕೇಳಲು ಏನೂ ಉಳಿಯದಾದಾಗ ಶಿಷ್ಯರಾದರು. ಅಷ್ಟರಲ್ಲೇ ಸುಮ್ಮನಾದರೇ? ಇಲ್ಲ. ‘ತಮ್ಮ ಭಾಷ್ಯ ಬಹಳ ಗಹನ, ನಮಗೆ ತಿಳಿಯುವಂತೆ ಇನ್ನೊಂದು ಗ್ರಂಥ ಬೇಕು’ ಎಂದು ಗುರುಗಳನ್ನೇ ಕೇಳಿದರು. ಆಚಾರ್ಯರು ಸಿಟ್ಟಾಗಲಿಲ್ಲ, ಕೇಳಿದವನಿಗಾಗಿ ‘ಅನುವ್ಯಾಖ್ಯಾನ’ ರಚಿಸಿದರು.