ಕೈಗೆ ಬಂದ ಬಲ

ಮನುಷ್ಯನ ಕೈಗೆ ಹೊಸದಾಗಿ ಬಲ ಬಂದಾಗ ಅವನ ಗುಣ ಬದಲಾಗುತ್ತದೆಯೇ, ಇಲ್ಲವೇ ಮೊದಲೇ ಒಳಗಿದ್ದ ಗುಣ ಬಯಲಿಗೆ ಬರುತ್ತದೆಯೇ? ಹಣ, ಅಧಿಕಾರಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ನಾವು ಆಗಾಗ ಕೇಳುತ್ತೇವೆ. ಆದರೆ ನಮ್ಮಂಥ ಸಾಮಾನ್ಯರ ಮನೆಗೆ ಬಲವು ಕುರ್ಚಿಯ ರೂಪದಲ್ಲಿ ಬರುವುದು ಅಪರೂಪ. ಅದು ಬಾಗಿಲ ಮುಂದೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಮೋಟಾರ್‌ಸೈಕಲ್ಲಾಗಿ ಬರುತ್ತದೆ.

ಯಲಹಂಕದಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚು ಕಾರ್ಖಾನೆ 1984ರಲ್ಲಿ ಉದ್ಘಾಟನೆಯಾಯಿತು. ಆ ಕಾಲದಲ್ಲಿ ಸೈಕಲ್ ತುಳಿದು ಕೆಲಸಕ್ಕೆ ಹೋಗುತ್ತಿದ್ದವರು ನಾಲ್ಕು ಕಾಸು ಕೂಡಿದಾಗ ಲೂನಾ ಅಥವಾ ಟಿವಿಎಸ್ 50 ಕೊಳ್ಳುತ್ತಿದ್ದರು. ಅದರಾಚೆಗಿನ ಕನಸೇ 'ದೊಡ್ಡ ಗಾಡಿ'. ದೊಡ್ಡ ಗಾಡಿಯೆಂದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ 250 ಸಿ.ಸಿ. ಯೆಜ್ಡಿ, ಇಲ್ಲವೇ ಮದರಾಸಿನಿಂದ ಬರುತ್ತಿದ್ದ 350 ಸಿ.ಸಿ. ಬುಲೆಟ್. ಮೈಸೂರಿನ ಆ ಕಾರ್ಖಾನೆ 1996ರಲ್ಲಿ ಮುಚ್ಚಿತಾದರೂ ಯೆಜ್ಡಿಯ ಸದ್ದು ಇಂದಿಗೂ ಅನೇಕರ ಕಿವಿಯಲ್ಲಿದೆ.

ನಾನು ಟಿವಿಎಸ್ 50 ಬಿಟ್ಟು ಹಳೆಯ ಬುಲೆಟ್ ಒಂದನ್ನು ಕೊಂಡದ್ದು ತೊಂಬತ್ತರ ದಶಕದಲ್ಲಿ. 160 ಕೆ.ಜಿ. ಮೀರಿದ ಗಾಡಿ. ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. ಸ್ಟಾರ್ಟ್ ಮಾಡುವುದೇ ಒಂದು ವಿದ್ಯೆ. ಕಿಕ್ಕನ್ನು ಮೆಲ್ಲಗೆ ಒತ್ತುತ್ತಾ ಆಂಪಿಯರ್ ಮೀಟರಿನ ಮುಳ್ಳು ನಡುವೆ ಬರುವುದನ್ನು ನೋಡಬೇಕು. ಡಿಕಂಪ್ರೆಸರ್ ಹಿಡಿದು ಇನ್ನಷ್ಟು ತಳ್ಳಬೇಕು. ಆಮೇಲೆ ಮೈಭಾರ ಬಿಟ್ಟು ಒದೆಯಬೇಕು. ಅವಸರ ಮಾಡಿದವನ ಕಾಲಿಗೆ ಕಿಕ್ ತಿರುಗಿ ಹೊಡೆಯುತ್ತಿತ್ತು. ಗಾಡಿ ಕೊಡಿಸಿದ ಮೆಕ್ಯಾನಿಕ್ ನನ್ನನ್ನು ಬಳ್ಳಾರಿ ರಸ್ತೆಗೆ ಬಿಡದೆ ಒಂದು ಬಯಲಿಗೆ ಕರೆದೊಯ್ದ. "ಸಾರ್, ಮೊದಲು ನಿಲ್ಸೋದು ಕಲೀರಿ. ಓಡ್ಸೋದು ತಾನಾಗೇ ಬರುತ್ತೆ" ಎಂದ. ಓದುಬರಹ ಹೆಚ್ಚಿಲ್ಲದ ಆತ ಹೇಳಿದ್ದು ಒಂದು ನೀತಿಪಾಠವೇ ಆಗಿತ್ತು.

ದೊಡ್ಡ ಗಾಡಿಗೆ ಆಸೆಪಡುವುದು ಪಾಪವೇ? ಖಂಡಿತ ಅಲ್ಲ. ದುಡಿದ ಹಣದಲ್ಲಿ ಗಾಡಿ ಕೊಂಡು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಭಾನುವಾರ ಪೂಜೆಗೆ ಹೊರಡುವವನ ಮುಖದ ಸಂತೋಷ ದೇವರಿಗೂ ಮೆಚ್ಚುಗೆಯೇ. ಆದರೆ ಬಲಕ್ಕೆ ಒಂದು ಗುಣವಿದೆ: ಅದರ ಸುಖ ಅನುಭವಿಸುವವನು ಒಬ್ಬ, ಅದರ ಅಪಾಯ ಹೊರುವವರು ಹಲವರು. ವೇಗ ಎರಡರಷ್ಟಾದರೆ ಬ್ರೇಕ್ ಒತ್ತಿದ ಮೇಲೆ ಗಾಡಿ ಓಡುವ ದೂರ ಸುಮಾರು ನಾಲ್ಕರಷ್ಟಾಗುತ್ತದೆ. ಆ ಹೆಚ್ಚುವರಿ ದೂರ ಯಾರದು? ರಸ್ತೆ ದಾಟುವ ಅಜ್ಜಿಯದು, ಶಾಲೆ ಬಿಟ್ಟು ಬರುವ ಮಗುವಿನದು. ಅವರನ್ನು ಕೇಳದೆಯೇ ನಾವು ಅದನ್ನು ಬಳಸಿಕೊಳ್ಳುತ್ತೇವೆ.

ಆದ್ದರಿಂದಲೇ 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಕುಡಿತದಿಂದಾಗಲಿ ವೇಗದ ಹುಚ್ಚಿನಿಂದಾಗಲಿ ತನ್ನ ಮತ್ತು ಇತರರ ಜೀವವನ್ನು ಅಪಾಯಕ್ಕೆ ಒಡ್ಡುವುದನ್ನು ಘೋರ ಅಪರಾಧವೆಂದು ಎಣಿಸುತ್ತದೆ. 2007ರಲ್ಲಿ ವ್ಯಾಟಿಕನ್ ವಾಹನ ಚಾಲಕರಿಗೆಂದೇ ಹತ್ತು ಕಟ್ಟಳೆಗಳನ್ನು ಪ್ರಕಟಿಸಿತು. ಕೊಲ್ಲಬಾರದೆಂಬುದೇ ಅದರಲ್ಲಿ ಮೊದಲನೆಯದು. ಐದನೆಯ ಕಟ್ಟಳೆ ಕತ್ತಿ ಹಿಡಿದವನಿಗೆ ಮಾತ್ರವೆಂದು ತಿಳಿದಿದ್ದ ನಮಗೆ, ಆಕ್ಸಿಲರೇಟರ್ ಹಿಡಿದ ಕೈಗೂ ಅದು ಅನ್ವಯಿಸುತ್ತದೆಂಬುದು ಎಚ್ಚರಿಕೆಯ ಮಾತು.

ದೊಡ್ಡ ಬೈಕಿಗಾಗಿ ಹಟ ಹಿಡಿದ ಮಗನಿರುವ ತಂದೆತಾಯಂದಿರೇ, ಯೇಸುಸ್ವಾಮಿ ಹೇಳಿದ ಸಾಮತಿಯನ್ನು ನೆನೆಯಿರಿ. ದಣಿಯು ತನ್ನ ಆಳುಗಳಿಗೆ ಹಣ ಒಪ್ಪಿಸುವಾಗ ಎಲ್ಲರಿಗೂ ಒಂದೇ ಸಮ ಕೊಡಲಿಲ್ಲ. ಅವರವರ ಶಕ್ತಿ ನೋಡಿ ಕೊಟ್ಟ. ಮೋಟಾರು ವಾಹನ ಕಾಯ್ದೆಯೂ ಹಾಗೆಯೇ ಮೆಟ್ಟಿಲು ಕಟ್ಟಿದೆ: 50 ಸಿ.ಸಿ. ಮೀರದ ಗಾಡಿಗೆ 16 ವರ್ಷ, ಅದಕ್ಕಿಂತ ದೊಡ್ಡದಕ್ಕೆ 18. ಅಪ್ರಾಪ್ತ ಮಗ ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೇ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ ಎಂದು 2019ರ ತಿದ್ದುಪಡಿ ಹೇಳುತ್ತದೆ. ಆದರೆ ವಯಸ್ಸು ತುಂಬಿದ ಮಾತ್ರಕ್ಕೆ ಮನಸ್ಸು ತುಂಬಿತೆನ್ನಲಾಗದು. ಚಿಕ್ಕ ಗಾಡಿಯಲ್ಲಿ ಹೆಲ್ಮೆಟ್ ಮರೆಯದೆ, ಪಾದಚಾರಿಗೆ ದಾರಿ ಬಿಟ್ಟು, ಹೇಳಿದ ಹೊತ್ತಿಗೆ ಮನೆ ಸೇರುವ ಹುಡುಗನಿಗೆ ದೊಡ್ಡದನ್ನು ಒಪ್ಪಿಸಬಹುದು. ಚಿಕ್ಕದರಲ್ಲೇ ಇತರರನ್ನು ಲೆಕ್ಕಿಸದವನಿಗೆ ದೊಡ್ಡದನ್ನು ಕೊಟ್ಟರೆ ಅದು ಪ್ರೀತಿಯಲ್ಲ, ಹಟಕ್ಕೆ ಸೋತದ್ದು.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯ ಓಟವೇ ಬೇರೆಯಾಗಿದೆ. ಭಾನುವಾರ ನಸುಕಿನಲ್ಲೇ ಬೈಕುಗಳ ಸಾಲು ಯಲಹಂಕ ದಾಟಿ ನಂದಿ ಬೆಟ್ಟದತ್ತ ಸಾಗುತ್ತದೆ. ಯುವಮಿತ್ರರೇ, ಹೋಗಿ ಬನ್ನಿ. ಬೆಟ್ಟದ ಮೇಲಿನ ಸೂರ್ಯೋದಯವೂ ದೇವರ ಕೊಡುಗೆ. ಗೆಳೆಯರು "ಎಷ್ಟು ಸ್ಪೀಡ್ ಹೋಗುತ್ತೆ?" ಎಂದು ಕೇಳುತ್ತಾರೆ. ನಿಮ್ಮ ತಾಯಿಯಂತೂ ಅದನ್ನು ಕೇಳುವುದಿಲ್ಲ, "ಎಷ್ಟು ಹೊತ್ತಿಗೆ ಬರ್ತೀಯಪ್ಪಾ?" ಎನ್ನುತ್ತಾರೆ. ಗಾಡಿ ಏರುವ ಮುನ್ನ ಆ ಪ್ರಶ್ನೆಗೆ ಉತ್ತರ ಕೊಟ್ಟು, ಆ ಮಾತನ್ನು ಉಳಿಸಿಕೊಳ್ಳಿ.