ಅರ್ಜಿ ಹಾಕದೆ ಉಳಿದವಳ ಲೆಕ್ಕ



ಇಂದಿನ ಪ್ರಶ್ನೆ: ಕೆಲಸಕ್ಕೆ ಅರ್ಜಿ ಹಾಕುವ ತಾಯಿಯ ಕೂಸನ್ನು ನೋಡಿಕೊಳ್ಳುವುದು ಅವಳೊಬ್ಬಳ ಹೊಣೆಯೇ? ಕೆಲಸ ಕೊಡುವವರಿಗೂ ಅದರಲ್ಲಿ ಪಾಲಿದೆಯೇ?

2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಆದ ಮೇಲೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ನಮ್ಮ ಹೆಣ್ಣುಮಕ್ಕಳಿಗೆ ಎಂ.ಎ. ಹತ್ತಿರವಾಯಿತು. ನೆಟ್, ಕೆ-ಸೆಟ್ ಪಾಸಾದವರೂ ಇದ್ದಾರೆ. ಅಷ್ಟರಲ್ಲಿ ಮದುವೆ, ಕಂಕುಳಲ್ಲೊಂದು ಕೂಸು. ಯಾವುದೋ ವಿಶ್ವವಿದ್ಯಾಲಯದ ಅಧಿಸೂಚನೆ ಬರುತ್ತದೆ. ವಿದ್ಯಾರ್ಹತೆ, ವಯೋಮಿತಿ, ಮೀಸಲಾತಿ, ಶುಲ್ಕ ಎಲ್ಲವೂ ಅದರಲ್ಲಿರುತ್ತದೆ. ಕೂಸನ್ನು ಎಲ್ಲಿ ಬಿಡಬೇಕು ಎಂಬ ಮಾತು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ.

"ಅಜ್ಜಿ ನೋಡ್ಕೊಳ್ಲಿ ಬಿಡಿ" ಎನ್ನುತ್ತಾರೆ. ತೋಟವಿರುವವರ ಮನೆಯಲ್ಲಿ ಅಜ್ಜಿ ಜಗುಲಿಯ ಮೇಲೆ ಕೂತಿರಬಹುದು. ನಮ್ಮ ಕೇರಿಯ ಅಜ್ಜಿ ಇನ್ನೂ ಕೂಲಿಗೆ ಹೋಗುತ್ತಾಳೆ. ಕೊಬ್ಬರಿ ಪುಡಿ ಫ್ಯಾಕ್ಟರಿಗೋ ತೆಂಗಿನ ನಾರಿನ ಕೆಲಸಕ್ಕೋ ಹೋಗದಿದ್ದರೆ ಅವತ್ತಿನ ಕೂಲಿ ಇಲ್ಲ. ಮೀಸಲಾತಿ ಮಗಳನ್ನು ಹೊಸ್ತಿಲವರೆಗೆ ತಂದಿತು, ಕೂಸನ್ನು ಬಿಡಲು ಜಾಗವಿಲ್ಲದೆ ಅವಳು ಅಲ್ಲೇ ನಿಂತಳು. ಮುಂದೆ "ಅರ್ಹ ಅಭ್ಯರ್ಥಿ ಸಿಗಲಿಲ್ಲ" ಎಂದು ಹುದ್ದೆ ಬ್ಯಾಕ್‌ಲಾಗ್ ಆಗುತ್ತದೆ. ಅರ್ಜಿಯನ್ನೇ ಹಾಕದೆ ಉಳಿದವಳ ಲೆಕ್ಕ ಯಾವ ಕಡತದಲ್ಲೂ ಇರುವುದಿಲ್ಲ.

1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಕಾರ್ಖಾನೆ ಹೆಂಗಸರ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಬಾಬಾಸಾಹೇಬರು ಅದನ್ನು ಬೆಂಬಲಿಸಿ ಮಾತಾಡಿದರು. ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಆದ್ದರಿಂದ ಸರ್ಕಾರವೂ ಭಾರ ಹೊರಬೇಕು. ಅವಳ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಹೊರಬೇಕು ಎಂಬುದು ಅವರ ವಾದ. ಮರುವರ್ಷ ಅದು ಕಾಯ್ದೆಯಾಯಿತು.

ಅದಕ್ಕೂ ಬಹು ಹಿಂದೆ, ದೀಘ ನಿಕಾಯದ ಸಿಗಾಲೋವಾದ ಸುತ್ತದಲ್ಲಿ ಭಗವಾನರು ಯಜಮಾನನಿಗೆ ಐದು ಕರ್ತವ್ಯ ಹೇಳಿದ್ದಾರೆ: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ವಿಶೇಷ ತಿನಿಸಿನಲ್ಲಿ ಪಾಲು, ಸಕಾಲಕ್ಕೆ ಬಿಡುವು. ಇವನ್ನು ದಾನ ಎನ್ನಲಿಲ್ಲ, ಕರ್ತವ್ಯ ಎಂದರು. ಮರುಕದಿಂದ ಕೊಟ್ಟದ್ದು ಮರುಕ ಬತ್ತಿದ ದಿನ ನಿಲ್ಲುತ್ತದೆ. ಕರ್ತವ್ಯವನ್ನಾದರೆ ತಲೆ ಎತ್ತಿ ಕೇಳಬಹುದು.

ಕಾನೂನೂ ಈ ದಾರಿಯಲ್ಲಿ ಒಂದಷ್ಟು ನಡೆದಿದೆ. 2005ರ ನರೇಗಾ ಕಾಯ್ದೆ, ಮಣ್ಣು ಅಗೆಯುವ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕೆಂದಿತು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ, 50 ಮತ್ತು ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಬರಬಹುದು, ಸೌಲಭ್ಯಗಳನ್ನು ನೇಮಕದ ಸಮಯದಲ್ಲೇ ಲಿಖಿತವಾಗಿ ತಿಳಿಸಬೇಕು ಎಂದಿತು. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ಮಹಿಳಾ ನೌಕರರಿಗೆ 180 ದಿನಗಳ ಶಿಶುಪಾಲನಾ ರಜೆ ಕೊಟ್ಟಿತು. ಆದರೆ ನೇಮಕದ ಸಮಯದಲ್ಲಿ ತಿಳಿಸುವುದೂ ರಜೆಯೂ ಒಳಗೆ ಹೋದವಳಿಗೆ. ಅರ್ಜಿ ಹಾಕಲೋ ಬೇಡವೋ ಎಂದು ಯೋಚಿಸುತ್ತಿರುವವಳಿಗೆ ಅದು ಮೊದಲೇ ಗೊತ್ತಾಗಬೇಕು. ಅಧಿಸೂಚನೆಯಲ್ಲೇ ಎರಡು ಸಾಲು ಸಾಕು.

"ಮಕ್ಕಳಿಲ್ಲದವರಿಗೆ ಇದು ಅನ್ಯಾಯವಲ್ಲವೇ, ಪ್ರತಿಭೆ ಎಲ್ಲಿ ಹೋಯಿತು?" ಎಂದು ಕೇಳುವವರಿದ್ದಾರೆ. ಸಂದರ್ಶನ ಅಳೆಯಬೇಕಾದ್ದು ಅವಳ ಓದನ್ನು. ಮನೆಯಲ್ಲಿ ಕೂಲಿಗೆ ಹೋಗದ ಅಜ್ಜಿ ಇದ್ದಾಳೆಯೇ ಎಂಬುದನ್ನಲ್ಲ. ಇಬ್ಬರು ತಾಯಂದಿರ ನಡುವೆ ಆ ಅಜ್ಜಿಯೊಬ್ಬಳೇ ವ್ಯತ್ಯಾಸವಾದರೆ, ಗೆದ್ದದ್ದನ್ನು ಪ್ರತಿಭೆ ಎನ್ನಲಾದೀತೇ? "ಮಗು ಯಾರು ನೋಡ್ಕೋತಾರಮ್ಮ?" ಎಂದು ಅವಳನ್ನು ಕೇಳುವ ಮೊದಲು, ಕೇಳುವವರೇ ತಮ್ಮ ಉತ್ತರ ಸಿದ್ಧ ಮಾಡಿಕೊಂಡಿರಬೇಕು.

ಇಂದಿನ ಅಭ್ಯಾಸ: ನಿಮ್ಮ ಮನೆಯ ಹೆಣ್ಣುಮಗಳು ಅಧಿಸೂಚನೆ ನೋಡಿ ಸುಮ್ಮನಾಗಿದ್ದರೆ, ಅರ್ಜಿ ಹಾಕು ಎನ್ನಿ. ಶಿಶುಪಾಲನಾ ಕೇಂದ್ರ ಇದೆಯೇ, ಅತಿಥಿ ಉಪನ್ಯಾಸಕಿಯ ಕೂಸಿಗೂ ಅಲ್ಲಿ ಜಾಗವಿದೆಯೇ ಎಂದು ಕುಲಸಚಿವರಿಗೆ ಮಾಹಿತಿ ಹಕ್ಕಿನಲ್ಲಿ ಬರೆದು ಕೇಳಿ. ಸಂದರ್ಶನದ ದಿನ ಕೂಸನ್ನು ನೋಡಿಕೊಳ್ಳಲು ನಮ್ಮ ಬಳಗದವರು ಸರದಿ ಹಾಕಿಕೊಳ್ಳೋಣ. ಆ ಸರದಿಯಲ್ಲಿ ಗಂಡಸರ ಹೆಸರು ಮೊದಲು ಬರಲಿ.

ಭವತು ಸಬ್ಬ ಮಂಗಲಂ. ಜೈ ಭೀಮ್.