ವೃದ್ಧರ ಮತವೂ ಮನೆಯವರ ಧರ್ಮವೂ

ಸಮತೆಯೆಂದರೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದೋ, ಇಲ್ಲವೆ ನಿಲ್ಲಲಾರದವನಿಗೂ ಸಾಲಿನ ಫಲವನ್ನು ದೊರಕಿಸಿಕೊಡುವುದೋ? ಪುರಾತನವಾದ ಈ ಪ್ರಶ್ನೆಯು ಕೊರೋನಾ ಮಹಾಮಾರಿಯ ಕಾಲದಲ್ಲಿ ವೃದ್ಧರ ಮತದಾನದ ರೂಪದಿಂದ ನ್ಯಾಯಾಲಯದವರೆಗೆ ಹೋಯಿತು.

80 ವರ್ಷ ಮೀರಿದವರೂ ಅಂಗವಿಕಲರೂ ಅಂಚೆಮತವನ್ನು ಕೊಡಬಹುದೆಂದು 2019ರ ಅಕ್ಟೋಬರದಲ್ಲಿ ಚುನಾವಣೆಯ ನಿಯಮಗಳು ತಿದ್ದಲ್ಪಟ್ಟವು. ರೋಗವು ಹಬ್ಬಿದ ಮೇಲೆ, 2020ರ ಜೂನದಲ್ಲಿ, ಈ ಮಿತಿಯನ್ನು 65ಕ್ಕೆ ಇಳಿಸಲಾಯಿತು. ಆದರೆ ಸಿಬ್ಬಂದಿಯ ಕೊರತೆ ಮೊದಲಾದ ಕಾರಣಗಳಿಂದ ಚುನಾವಣಾ ಆಯೋಗವು ಜುಲೈ ತಿಂಗಳಲ್ಲಿ ಅದನ್ನು ಕೈಬಿಟ್ಟಿತು. ಆ ದಿನಗಳಲ್ಲಿ 65 ಮೀರಿದವರು ಮನೆಯಲ್ಲಿಯೇ ಇರಬೇಕೆಂಬುದು ಸರಕಾರದ್ದೇ ಸೂಚನೆ. ನಿಪ್ಪಾಣಿ ಸೀಮೆಯ ಕೊಗನೊಳ್ಳಿಯ ಗಡಿನಾಕೆಯಲ್ಲಿ 2021ರಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ರೋಗವಿಲ್ಲವೆಂಬ ಪರೀಕ್ಷಾಪತ್ರವಿಲ್ಲದೆ ಪ್ರವೇಶವಿರಲಿಲ್ಲ. ಅದೇ ವರ್ಷದ ಏಪ್ರಿಲ್ 17ರಂದು, ಅದೇ ರೋಗಕ್ಕೆ ತುತ್ತಾದ ಸುರೇಶ ಅಂಗಡಿಯವರ ಸ್ಥಾನಕ್ಕೆ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ ಉಪಚುನಾವಣೆಯು ನಡೆಯಿತು. ಮನೆಯಲ್ಲಿರೆಂದ ಬಾಯಿಯೇ ಮತಗಟ್ಟೆಗೆ ಬಾರೆಂದು ಕರೆದರೆ 70 ವರ್ಷದ ಮುದುಕನು ಯಾವ ಮಾತನ್ನು ಪಾಲಿಸತಕ್ಕದ್ದು?

ಇತ್ತ 80 ಮೀರಿದವರ ಸೌಕರ್ಯಕ್ಕೂ ಆಕ್ಷೇಪವು ಬಂದಿತು. ತಮಿಳುನಾಡಿನ ದ್ರಾವಿಡ ಮುನ್ನೇಟ್ರ ಕಳಗವು ಅದನ್ನು ಮದ್ರಾಸ್ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಹೀಗೆ ಒಂದು ವರ್ಗವನ್ನು ಬೇರ್ಪಡಿಸುವುದು ಶಾಸನಕ್ಕೆ ಮೀರಿದ್ದು, ಮತದ ಗೌಪ್ಯಕ್ಕೂ ಇದು ಬಾಧಕವೆಂಬುದು ಪೂರ್ವಪಕ್ಷ. 2021ರ ಮಾರ್ಚದಲ್ಲಿ ನ್ಯಾಯಾಲಯವು ಅರ್ಜಿಯನ್ನು ತಳ್ಳಿಹಾಕಿತು. ಮತಗಟ್ಟೆಗೆ ಬರಲಾರದವರನ್ನು ಒಳಗೊಳ್ಳುವ ಏರ್ಪಾಡು ಪಕ್ಷಪಾತವಲ್ಲವೆಂಬುದು ಅದರ ಅಭಿಪ್ರಾಯ. ಇದು ಯುಕ್ತವೇ ಸರಿ. ಸಂವಿಧಾನದ 326ನೆಯ ವಿಧಿಯು ವಯಸ್ಕರಿಗೆಲ್ಲ ಮತವನ್ನು ಕೊಟ್ಟಿದೆ. ಕಾಲಿನ ಬಲವುಳ್ಳವರಿಗೆ ಮಾತ್ರ ಎಂದು ಅದರಲ್ಲಿ ಹೇಳಿಲ್ಲ.

ಆದರೂ ಪೂರ್ವಪಕ್ಷದ ಎರಡನೆಯ ಮಾತನ್ನು ಹಗುರವಾಗಿ ಎಣಿಸಲಾಗದು. ಮತಗಟ್ಟೆಯ ಮರೆಯಲ್ಲಿ ತಂದೆಯು ಏಕಾಕಿ. ಮಗನ ದೃಷ್ಟಿಯು ಅಲ್ಲಿಗೆ ತಲುಪದು. ಮನೆಯಲ್ಲಾದರೋ ಆತನ ಅನ್ನ, ಔಷಧ, ಹಾಸಿಗೆ ಎಲ್ಲವೂ ಪರಾಧೀನ. ಅಧಿಕಾರಿಗಳು ಮನೆಗೆ ಬರುವರು, ಮರೆಯನ್ನು ನಿಲ್ಲಿಸುವರು, ಚಿತ್ರೀಕರಣವನ್ನು ಮಾಡಿಸುವರು, ಮತಪತ್ರವನ್ನು ಲಕೋಟೆಯಲ್ಲಿ ಮುಚ್ಚಿಸುವರು. ಆದರೆ ಹಿಂದಿನ ರಾತ್ರಿ ಊಟದ ಹೊತ್ತಿಗೆ “ಅಪ್ಪಾ, ನಾವು ಹೇಳಿದವರಿಗೇ ಹಾಕಿರಿ” ಎಂಬ ಮಾತು ಯಾವ ಚಿತ್ರದಲ್ಲಿಯೂ ಮೂಡದು. ಸೇವೆಯನ್ನು ಮಾಡಿದವನಿಗೆ ಮತದ ಮೇಲೆ ಹಕ್ಕು ಹುಟ್ಟುವುದೇ? ಹುಟ್ಟುವುದಾದರೆ ಅದು ಸೇವೆಯಲ್ಲ, ಸಾಲ. ಮತವೇ ಅದರ ಬಡ್ಡಿ.

ಮಹಾಮಾರಿಯು ಇಳಿದರೂ ಏರ್ಪಾಡು ಉಳಿಯಿತು. 2023ರ ಮೇ 10ರ ವಿಧಾನಸಭಾ ಚುನಾವಣೆಗೆ ಕರ್ನಾಟಕದ 80 ಮೀರಿದವರು ಮನೆಯಿಂದ ಮತ ಕೊಡಬಹುದಾಯಿತು. 2024ರ ಮಾರ್ಚದಲ್ಲಿ ಮಿತಿಯು 85ಕ್ಕೆ ಏರಿತು. ಅದರಿಂದ 82ರ ವೃದ್ಧೆಯ ಮೊಣಕಾಲಿಗೆ ಬಲವು ಬಂದಿತೆಂದಲ್ಲ. ಮಿತಿಗಳು ಆಡಳಿತದ ಅನುಕೂಲದವು. ಮಿತಿಯ ಹೊರಗುಳಿದವರನ್ನು ಕೈಹಿಡಿದು ಮತಗಟ್ಟೆಗೆ ಕರೆದೊಯ್ಯುವುದು, ಒಳಗಿರುವವರ ಮತದ ವೇಳೆಯಲ್ಲಿ ತಾವೇ ಎದ್ದು ಅಂಗಳಕ್ಕೆ ಹೋಗುವುದು—ಇವೆರಡೂ ಮನೆಯವರ ಧರ್ಮ. ನ್ಯಾಯಾಲಯವು ತನ್ನ ತೀರ್ಪನ್ನು ಕೊಟ್ಟಾಗಿದೆ. ಉಳಿದ ತೀರ್ಪು ಸುಶಿಕ್ಷಿತರ ಮನೆಯ ಪಡಸಾಲೆಯಲ್ಲಿ ಆಗತಕ್ಕದ್ದು.